ಅತ್ತೆಯ ಆಮೆನ್

ಬೆಳಗಿನ ಕಾಫಿ ಇನ್ನೂ ಕೈಗೆ ಬಂದಿರಲಿಲ್ಲ, ಫೋನು ಟಣ್ಣೆಂದಿತು. ನಮ್ಮ ಚರ್ಚಿನ ಹೆಂಗಸರ ವಾಟ್ಸಾಪ್ ಗುಂಪು. ಯಾರೋ ಒಬ್ಬರು ಆರು ನಿಮಿಷದ ಪ್ರಾರ್ಥನೆ ರೆಕಾರ್ಡ್ ಮಾಡಿ ಹಾಕಿದ್ದಾರೆ. ಅದರ ಕೆಳಗೆ, ಅದೇ ನಿಮಿಷದಲ್ಲಿ, ಹದಿನಾಲ್ಕು ಜನ ಆಮೆನ್ ಒತ್ತಿಬಿಟ್ಟಿದ್ದಾರೆ! ಆರು ನಿಮಿಷದ ಮಾತನ್ನು ಒಂದು ನಿಮಿಷದೊಳಗೆ ಕೇಳಿ ಮುಗಿಸಿದ್ದು ಹೇಗೆ, ನೀವೇ ಹೇಳಿ. ಸೇಲಂನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ಸೀಮೆಸುಣ್ಣದ ಪುಡಿ ಕುಡಿದವಳು ನಾನು. ನನಗೂ ಈ ಲೆಕ್ಕ ಬಿಡಿಸಲಾಗಲಿಲ್ಲ. ಒಬ್ಬಾಕೆಯ ಆಮೆನ್ ಅಂತೂ ಮಿಣಮಿಣ ಮಿನುಗುತ್ತಿತ್ತು. ಸುತ್ತ ಗುಲಾಬಿ, ಮೇಲೊಂದು ಪಾರಿವಾಳ. ಪ್ರಾರ್ಥನೆಯಲ್ಲಿ ಏನಿತ್ತು ತಾಯಿ ಎಂದು ಆಕೆಗೆ ಫೋನ್ ಮಾಡಿ ಕೇಳಿಬಿಡೋಣ ಎನ್ನಿಸಿತು. ಕೇಳಲಿಲ್ಲ. ಭಾನುವಾರ ಮತ್ತೆ ಮುಖ ನೋಡಬೇಕಲ್ಲ.

ಸಿಟ್ಟು ಬಂದದ್ದು ನಿಜ. ಆದರೆ ಸತ್ಯ ಹೇಳಬೇಕೆಂದರೆ ಈ ಸಿಟ್ಟು ನನ್ನದಲ್ಲ, ನಮ್ಮ ಅತ್ತೆಯವರದು. ಬೇರೆಯವರ ಅತ್ತೆಯಂದಿರು ಒಡವೆ ಬಿಟ್ಟು ಹೋಗುತ್ತಾರೆ, ನಮ್ಮ ಅತ್ತೆ ಇದೊಂದನ್ನು ಬಿಟ್ಟು ಹೋದರು. ಅವರು ಬದುಕಿದ್ದಷ್ಟು ದಿನ ನಾನು ಆ ಗುಂಪಿನ ಹದಿನಾಲ್ಕು ಜನರ ಕಡೆಯವಳೇ ಆಗಿದ್ದೆ. ಅತ್ತೆಯ ಒಂದು ಆಮೆನ್ನಿಗಾಗಿ ಕಾದು ಕಾದು ನನ್ನ ಅರ್ಧ ಆಯುಷ್ಯ ಹೋಗಿದೆ.

ಅತ್ತೆಯ ಹೆಸರು ಮಾದಮ್ಮ. ಸೇಲಂ ಜಿಲ್ಲೆಯ ಕಡಯಂಪಟ್ಟಿಯವರು. ಮನೆಮಾತು ಕನ್ನಡ, ಓದುಬರಹ ಇಲ್ಲ. ಅವರ ಬಂಧುಬಳಗವೆಲ್ಲ ಇವತ್ತಿಗೂ ಮುನಿಯಪ್ಪನಿಗೆ ನಡೆದುಕೊಳ್ಳುವವರು. ಇವರೊಬ್ಬರು ಮಾತ್ರ, ಗಂಡ ತೀರಿಕೊಂಡ ಮೇಲೆ, ಯಾರು ಏನಂದರೂ ಕಿವಿಗೆ ಹಾಕಿಕೊಳ್ಳದೆ ಮಗನನ್ನು ಕರೆದುಕೊಂಡು ಚರ್ಚಿಗೆ ಹೋಗತೊಡಗಿದರಂತೆ. ಜ್ಞಾನಸ್ನಾನದ ದಿನ ಅವರಿಗೊಂದು ಬೈಬಲ್ಲಿನ ಹೆಸರು ಕೊಟ್ಟಿದ್ದರು. ಯಾವ ಹೆಸರೆಂದು ಕೇಳಿದರೆ ಅವರಿಗೇ ನೆನಪಿರಲಿಲ್ಲ. ಮಗನಿಗೆ ಹೆಣ್ಣು ಹುಡುಕುವಾಗ ಹುಡುಗಿ ಕನ್ನಡ ಆಡಬೇಕು, ಚರ್ಚಿಗೂ ಹೋಗಬೇಕು ಎಂದು ಹಟ ಹಿಡಿದರು. ಸೇಲಂ, ಧರ್ಮಪುರಿ ಎರಡೂ ಜಿಲ್ಲೆ ಜಾಲಾಡಿದರೂ ಅಂಥವರು ಎಷ್ಟು ಜನ ಸಿಕ್ಕಾರು? ನಾನೊಬ್ಬಳು ಸಿಕ್ಕಿದೆ. ನನ್ನ ರೂಪ, ಗುಣ, ಬಿ.ಎಡ್. ಪದವಿ ನೋಡಿ ಮೆಚ್ಚಿದರು ಎಂದು ಬಹಳ ದಿನ ನಾನು ಬೀಗುತ್ತಿದ್ದೆ. ಬೇರೆ ಯಾರೂ ಇರಲಿಲ್ಲ, ಅಷ್ಟೇ.

ಮದುವೆಯಾದ ಮೊದಲ ಭಾನುವಾರ ಹೊಸ ಸೀರೆ ಉಟ್ಟು, ಹೆಂಗಸರ ಕಡೆ ಜಮಖಾನದ ಮೇಲೆ ಅತ್ತೆಯ ಪಕ್ಕದಲ್ಲಿ ಕುಳಿತಿದ್ದೆ. ಪಾಸ್ಟರು ತಮಿಳಿನಲ್ಲಿ ಉದ್ದದ ಪ್ರಾರ್ಥನೆ ಮುಗಿಸಿದರು. ಎಲ್ಲರೂ ಒಟ್ಟಿಗೆ ಆಮೆನ್ ಎಂದೆವು. ನಾನು ಕಣ್ಣು ಬಿಟ್ಟೆ. ಪಾಸ್ಟರು ಮುಂದೆ ಹೋಗದೆ ಸುಮ್ಮನೆ ನಿಂತಿದ್ದಾರೆ. ಮಕ್ಕಳು ಒಂದು ಕಡೆ ಕಿಸಿಕಿಸಿ ನಗುತ್ತಿವೆ. ನನಗೆ ಏನೂ ಅರ್ಥವಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನನ್ನ ಪಕ್ಕದಿಂದಲೇ ಒಂಟಿ ದನಿಯೊಂದು ನಿಧಾನವಾಗಿ ‘ಆಮೆನ್’ ಎಂದಿತು. ಪಾಸ್ಟರು ಉಸಿರು ಬಿಟ್ಟು ಪುಸ್ತಕದ ಹಾಳೆ ತಿರುಗಿಸಿದರು. ನಾನು ಸೀರೆಯ ಸೆರಗನ್ನು ಮುಖದ ತನಕ ಎಳೆದುಕೊಂಡೆ.

ಪ್ರತಿ ವಾರವೂ ಇದೇ ಕಥೆ. ಕೆಲವು ವಾರ ಆ ಒಂಟಿ ಆಮೆನ್ ಬರುತ್ತಲೇ ಇರಲಿಲ್ಲ. ನನಗೆ ಮಾನ ಹೋದಂತಾಗಿ, ಕೇಳಿದವರಿಗೆಲ್ಲ ನಾನೇ ಒಂದು ಸಮಜಾಯಿಷಿ ಕೊಡತೊಡಗಿದೆ: ‘ನಮ್ಮ ಅತ್ತೆಗೆ ತಮಿಳು ಅಷ್ಟಾಗಿ ಬರಲ್ಲ, ಪಾಪ. ಅರ್ಥ ಮಾಡಿಕೊಳ್ಳೋಕೆ ಹೊತ್ತಾಗುತ್ತೆ.’ ಇದು ಅತ್ತೆಯ ಕಿವಿಗೂ ಬಿತ್ತು. ಮರುದಿನ ಓಮಲೂರು ಸಂತೆಗೆ ನನ್ನನ್ನು ಕರೆದುಕೊಂಡು ಹೋದರು. ಒಣಮೆಣಸಿನಕಾಯಿಯ ಅಡಿಯಲ್ಲಿ ಹಳೇ ಮಾಲು ತುಂಬಿಸಿಟ್ಟಿದ್ದ ವ್ಯಾಪಾರಿಯನ್ನು ಹಿಡಿದು ಅತ್ತೆ ತಮಿಳಿನಲ್ಲಿ ತರಾಟೆಗೆ ತೆಗೆದುಕೊಂಡರು ನೋಡಿ, ಸಂತೆಗೆ ಸಂತೆಯೇ ಸುತ್ತ ನಿಂತಿತು. ಕೊನೆಗೆ ಅವನು ಕೈಮುಗಿದ. ಅತ್ತೆ ಚೀಲ ನನ್ನ ಕೈಗೆ ಕೊಟ್ಟು, ‘ನಂಗೆ ತಮಿಳ್ ಬರಲ್ಲ, ನೀನ್ ಒತ್ಕೊಂಡ್ ಬಾ’ ಎಂದು ಮುಂದೆ ನಡೆದರು.

ಬಸ್ಸಿನಲ್ಲಿ ಕೂತಾಗ ತಡೆಯಲಾರದೆ ಕೇಳಿಯೇಬಿಟ್ಟೆ. ಮತ್ತೆ ಯಾಕೆ ಅತ್ತೆ ಅಷ್ಟು ಹೊತ್ತು?

‘ತಮಿಳ್ನಾಗೆ ಕೇಳಿದ್ರೆ ಎಲ್ಲಾ ಜೆಬನೂ ಸೆಂದಾಗೇ ಕೇಳ್ತೈತೆ ಕಣಮ್ಮಿ. ಅದ್ನ ನಮ್ ಮಾತ್ನಾಗೆ ಒಂದ್ ಸಲ ಯೋಳ್ಕೊಂತೀನಿ. ಮನೇಲಿ ಆಡೋ ಮಾತ್ನಾಗೆ. ಅವಾಗ್ ಗೊತ್ತಾಗ್ತೈತೆ, ಇದು ದೇವ್ರತ್ರ ಯೋಳೋ ಮಾತಾ ಅಲ್ವಾ ಅಂತ. ಸರಿ ಅನ್ನುಸ್ತು ಅಂದ್ರೆ ಆಮೆನ್ ಅಂತೀನಿ. ಅದ್ಕೆ ಟೈಮ್ ಬ್ಯಾಡ್ವಾ?’

ಜೆಬಕ್ಕೆ, ಅಂದರೆ ಪ್ರಾರ್ಥನೆಗೆ, ಟೈಮ್ ಬೇಕು, ಸರಿ. ಆದರೆ ಇಡೀ ಸಭೆ ಕಾಯಬೇಕೆ? ‘ನಾನೇನ್ ಕಾಯಿ ಅಂದ್ನಾ? ಅವ್ರು ಓಗ್ಲಿ’ ಎಂದರು ಅತ್ತೆ. ಇಂಥವರೊಂದಿಗೆ ವಾದ ಮಾಡುವುದು ಹೇಗೆ?

ಪಾಸ್ಟರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಬಯಲಿನಲ್ಲಿ ಪಂದಲ್, ಅಂದರೆ ಚಪ್ಪರ, ಹಾಕಿ ಮೂರು ದಿನದ ಕೂಟ ಇಟ್ಟಿದ್ದರು. ಒಂದು ಹನಿ ಮಳೆಯೂ ಬೀಳಬಾರದು ಆಂಡವರೇ ಎಂದು ಪಾಸ್ಟರು ಗಂಟಲು ಹರಿಯುವಂತೆ ದೇವರನ್ನು ಬೇಡಿದರು. ನಾವೆಲ್ಲ ಆಮೆನ್ ಎಂದೆವು. ಅತ್ತೆ ಎನ್ನಲಿಲ್ಲ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವರನ್ನು ತಡೆದು ನಿಲ್ಲಿಸಿ ಶುದ್ಧ ತಮಿಳಿನಲ್ಲಿ ಕೇಳಿದರು: ಪಾಪಿರೆಡ್ಡಿಪಟ್ಟಿಯಲ್ಲಿ ನನ್ನ ತಮ್ಮ ಮರಗೆಣಸು ನೆಟ್ಟು ಮಳೆಗಾಗಿ ಆಕಾಶ ನೋಡುತ್ತಿದ್ದಾನೆ, ನಾನು ಇಲ್ಲಿ ಆಮೆನ್ ಅಂದರೆ ಅವನ ಹೊಲದ ಗತಿಯೇನು? ಪಾಸ್ಟರು ಒಳ್ಳೆಯ ಮನುಷ್ಯ. ತಲೆ ಕೆರೆದುಕೊಂಡು, ‘ಅಪ್ಪೋ ನಾನ್ ಎನ್ನ ಜೆಬಂ ಪಣ್ಣಣುಂ, ಅಮ್ಮಾ?’ ಎಂದರು. ಹಾಗಾದರೆ ನಾನು ಏನೆಂದು ಪ್ರಾರ್ಥಿಸಲಿ ಎಂದು. ಅತ್ತೆ, ‘ಪಂದಲನ್ನು ಬಿಗಿಯಾಗಿ ಕಟ್ಟಿಸಿ, ಮಳೆಯನ್ನು ಯಜಮಾನರಿಗೆ ಬಿಡಿ’ ಎಂದರು.

ಯಜಮಾನರು ಎಂದರೆ ದೇವರು. ಅತ್ತೆ ದೇವರನ್ನು ಕರೆಯುತ್ತಿದ್ದದ್ದೇ ಹಾಗೆ. ಕೂಟದ ಎರಡು ದಿನ ಚೆನ್ನಾಗಿ ಮಳೆ ಹುಯ್ದಿತು. ಪಂದಲ್ ನಿಂತುಕೊಂಡಿತು. ಮಳೆಯಲ್ಲಿ ತೊಯ್ದು ಶೀತವಾಗಿ ವಾರವೆಲ್ಲ ಸೀನಿದವಳು ನಾನೊಬ್ಬಳೇ.

ಹಾಡಿನಲ್ಲೂ ಹೀಗೆಯೇ. ನನ್ನದೆಲ್ಲವನ್ನೂ ನಿನ್ನ ಪಾದಕ್ಕೆ ಒಪ್ಪಿಸಿದೆ ಎಂಬ ಅರ್ಥದ ಹಾಡು ಬಂದಾಗ ಒಂದು ವಾರ ಅತ್ತೆ ಬಾಯಿ ಹೊಲಿದವರಂತೆ ನಿಂತಿದ್ದರು. ಕೀಬೋರ್ಡು ಬೇರೆ ಹೊಸದು, ಎಲ್ಲರೂ ಕೈ ತಟ್ಟಿಕೊಂಡು ಅಳುತ್ತಾ ಹಾಡುತ್ತಿದ್ದಾರೆ. ನಾನು ಮೊಣಕೈಯಿಂದ ತಿವಿದೆ. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, ‘ಬೆಳಗ್ಗೆ ಪಕ್ಕದ್ಮನೆಯೋಳು ಒಂದ್ ಎಸ್ಳು ಕರಿಬೇವು ಕೇಳಿದ್ಳು, ಇಲ್ಲ ಅಂದ್ಬುಟ್ಟೆ. ಗಿಡದ್ ತುಂಬಾ ಐತೆ. ಈಗ್ ಎಂಗೆ ಎಲ್ಲಾ ಕೊಟ್ಟೆ ಅಂತ ಅನ್ಲಿ?’ ಎಂದರು. ನನಗೆ ನಗು ಬಂತು, ಅದರ ಹಿಂದೆಯೇ ಕೋಪವೂ ಬಂತು. ನಾನು ಅಷ್ಟು ಹೊತ್ತು ರಾಗವಾಗಿ ಹಾಡಿದ್ದೆ. ನಾನೇನು ಕೊಟ್ಟಿದ್ದೆ ಎಂದು ಈಗ ಯೋಚಿಸಬೇಕಾಯಿತಲ್ಲ! ನೆಮ್ಮದಿಯಾಗಿ ಆರಾಧನೆ ಮಾಡಲೂ ಬಿಡದ ಹೆಂಗಸು.

ಇಷ್ಟೇ ಆಗಿದ್ದರೆ ನಗುತ್ತಾ ಹೇಳಿ ಮುಗಿಸುತ್ತಿದ್ದೆ. ಮುಗಿಯಲಿಲ್ಲ.

ಮದುವೆಯಾಗಿ ಆರು ವರ್ಷವಾದರೂ ನನಗೆ ಮಕ್ಕಳಾಗಲಿಲ್ಲ. ಸೇಲಂನಲ್ಲಿ ತೋರಿಸದ ಡಾಕ್ಟರಿಲ್ಲ. ನಮ್ಮವರು ಆಗ ಮೊರಪ್ಪೂರು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ರೈಲು ಹತ್ತಿದರೆ ಸಂಜೆ ಬರುತ್ತಿದ್ದರು. ಶಾಲೆಯಲ್ಲಿ ನಲವತ್ತು ಮಕ್ಕಳು, ಮನೆಗೆ ಬಂದರೆ ನಾನು, ಅತ್ತೆ. ಆ ದಿನಗಳನ್ನು ವರ್ಣಿಸಲು ನನಗೆ ಇಷ್ಟವಿಲ್ಲ. ಗೊತ್ತಿರುವವರಿಗೆ ಗೊತ್ತು.

ಆ ವರ್ಷ ಬೇರೆ ಊರಿನಿಂದ ಒಬ್ಬ ಬೋಧಕರು ಬಂದಿದ್ದರು. ಅವರು ಹೇಳಿದ್ದು ಆಗಿಯೇ ತೀರುತ್ತದೆ ಎಂದು ಹೆಸರು. ಚರ್ಚಿನ ಹೆಂಗಸರೇ ಮುಂದೆ ನಿಂತು ಅವರನ್ನು ನಮ್ಮ ಮನೆಗೆ ಕರೆತಂದರು. ಹಜಾರ ತುಂಬ ಜನ. ಬೋಧಕರು ನನ್ನ ತಲೆಯ ಮೇಲೆ ಕೈಯಿಟ್ಟು ಅರ್ಧ ಗಂಟೆ ಪ್ರಾರ್ಥಿಸಿ ಕೊನೆಗೆ ದನಿ ಏರಿಸಿದರು: ‘ಅಡುತ್ತ ವರುಷಂ ಇಂದ ವೀಟ್ಟಿಲ್ ತೊಟ್ಟಿಲ್ ಆಡುಂ!’ ಮುಂದಿನ ವರ್ಷ ಈ ಮನೆಯಲ್ಲಿ ತೊಟ್ಟಿಲು ತೂಗುತ್ತದೆ! ಹಜಾರವೇ ಹಾರಿಹೋಗುವಂತೆ ಆಮೆನ್ ಎಂದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಕೂಗಿ, ಕಣ್ಣು ಒರೆಸಿಕೊಂಡು, ಅತ್ತೆಯ ಕಡೆ ತಿರುಗಿದೆ.

ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿ ಕುಳಿತಿದ್ದರು. ಎಲ್ಲರೂ ಕಾದರು. ಫ್ಯಾನು ಗರಗರ ತಿರುಗುತ್ತಿತ್ತು. ಬೋಧಕರು ನಗುತ್ತಾ, ‘ಅಮ್ಮಾ, ಆಮೆನ್ ಸೊಲ್ಲುಂಗ’ ಎಂದರು. ಅತ್ತೆ ಕಣ್ಣು ಬಿಟ್ಟು ಅವರನ್ನು ನೋಡಿ, ‘ಸಾಪ್ಪಾಡು ರೆಡಿ, ವಾಂಗ’ ಎಂದು ಊಟಕ್ಕೆ ಕರೆದು, ಎದ್ದು ಎಲೆ ಹಾಕಲು ಹೋದರು. ಅವರಿಗೆ ಬಡಿಸುವುದರಲ್ಲಿ ಒಂದಿಷ್ಟೂ ಕೊರತೆ ಮಾಡಲಿಲ್ಲ. ಆಮೆನ್ ಮಾತ್ರ ಬರಲೇ ಇಲ್ಲ.

ಜನ ಹೋಗುವವರೆಗೆ ಹೇಗೆ ತಡೆದುಕೊಂಡೆನೋ. ಅಡುಗೆಮನೆಯಲ್ಲಿ ಸಿಡಿದೆ. ‘ನಿಮ್ಗೆ ಮೊಮ್ಮಗು ಬ್ಯಾಡ್ವಾ ಅತ್ತೆ?’

‘ಬೇಕು.’

‘ಮತ್ತೆ ಬಾಯ್ ಬಿಟ್ಟು ಒಂದ್ ಆಮೆನ್ ಅನ್ನಕ್ಕೆ ಏನಾಗಿತ್ತು?’

‘ನಾನ್ ದಿನಾ ಕೇಳ್ತೀನಿ ಕಣಮ್ಮಿ, ನಿಂಗ್ ಒಂದ್ ಕೂಸು ಕೊಡ್ಲಿ ಅಂತ. ಕೇಳೋದ್ ಬ್ಯಾರೆ. ಅವ್ರು ಕೇಳ್ಲಿಲ್ಲ, ಯಜಮಾನ್ರಿಗೆ ಆರ್ಡ್ರು ಆಕುದ್ರು. ಇಷ್ಟ್ರೊಳಗೆ ಕೊಟ್ಬುಡು ಅಂತ. ಅಂಗೆಲ್ಲಾ ಅನ್ನಕ್ಕೆ ನಾವ್ಯಾರು?’

‘ಆ ಯಜಮಾನ್ರಿಗೆ ನನ್ ಒಟ್ಟೆ ಸಂಕ್ಟ ಗೊತ್ತಾಗಲ್ವಾ?’

‘ಗೊತ್ತೈತೆ.’

‘ಗೊತ್ತಿದ್ರೆ ಕೊಡ್ಬೋದಲ್ಲ!’

ಪಾತ್ರೆ ತೊಳೆಯುತ್ತಿದ್ದ ಅತ್ತೆಯ ಕೈ ನಿಂತಿತು. ಆಮೇಲೆ ಮತ್ತೆ ಪಾತ್ರೆ ಉಜ್ಜತೊಡಗಿದರು. ಆಗ ನನಗೆ ಅದು ಕಲ್ಲುಮನಸ್ಸಾಗಿಯೇ ಕಂಡಿತು. ಎರಡು ತಿಂಗಳು ಅವರೊಂದಿಗೆ ಮಾತು ಬಿಟ್ಟೆ. ಸಾರು ಬಿಸಿಯಿದೆ ಎಂಬುದನ್ನೂ ನಮ್ಮವರ ಮೂಲಕವೇ ಹೇಳಿಸುತ್ತಿದ್ದೆ. ಅವರು ರೈಲಿನಿಂದ ಇಳಿದು ಬಂದ ತಕ್ಷಣ ಎರಡು ಕಡೆಯ ಸಂದೇಶ ಸಾಗಿಸುವ ಕೆಲಸ ಶುರು. ‘ನಂಗ್ ಮೊರಪ್ಪೂರೇ ಮೇಲು, ಅಲ್ಲೇ ಮಲ್ಕೊಂತೀನಿ’ ಎಂದು ಒಂದು ದಿನ ಅವರೂ ಕೈಚೆಲ್ಲಿದರು.

ವರ್ಷ ತಿರುಗಿತು, ತೊಟ್ಟಿಲು ಬರಲಿಲ್ಲ. ಇನ್ನೊಂದು ವರ್ಷ ತಿರುಗಿತು. ಅಂದು ಜೋರಾಗಿ ಆಮೆನ್ ಕೂಗಿದ್ದ ಹೆಂಗಸರು ಈಗ ಕಾರಣ ಹುಡುಕತೊಡಗಿದರು. ಬೋಧಕರ ಮಾತು ಸುಳ್ಳಾಗುವಂತಿಲ್ಲ, ದೇವರು ತಪ್ಪುವಂತಿಲ್ಲ. ಅಂದಮೇಲೆ ತಪ್ಪು ಯಾರದಾದರೂ ಇರಲೇಬೇಕಲ್ಲ. ಹುಡುಕುವ ಕಷ್ಟವೇನೂ ಇರಲಿಲ್ಲ. ‘ಅವರ ಮನೆಯಲ್ಲೇ ಒಬ್ಬರು ಆಮೆನ್ ಅನ್ನಲಿಲ್ಲವಲ್ಲ. ಅಲ್ಲೇ ಕೆಟ್ಟಿತು’ ಎಂದರು. ಚರ್ಚಿನ ಬಾವಿಕಟ್ಟೆಯ ಹತ್ತಿರ ಅತ್ತೆಗೆ ಕೇಳುವಂತೆಯೇ ಅಂದರು. ಅತ್ತೆ ಸೆರಗು ಹೊದ್ದು ಸುಮ್ಮನೆ ನಡೆದುಬಿಟ್ಟರು. ಜಮಖಾನದ ಮೇಲೆ ಅವರ ಪಕ್ಕದಲ್ಲಿ ಕೂರುವವರು ಕಡಿಮೆಯಾದರು.

ನಾನೂ ಅದನ್ನು ನಂಬಿದೆ. ನಾಚಿಕೆಯಾಗುತ್ತದೆ, ಆದರೂ ನಿಮ್ಮಲ್ಲಿ ಮುಚ್ಚಿಡುವುದೇನು? ಕಾಲೇಜು ಮೆಟ್ಟಿಲು ಹತ್ತಿದವಳು, ಮಕ್ಕಳಿಗೆ ಹಂತ ಹಂತವಾಗಿ ತರ್ಕ ಬರೆದು ತೋರಿಸುವವಳು, ನನ್ನ ಮಡಿಲು ತುಂಬದ್ದಕ್ಕೆ ನನ್ನ ಅತ್ತೆಯ ಮುಚ್ಚಿದ ಬಾಯಿಯೇ ಕಾರಣ ಎಂದು ವರ್ಷಗಟ್ಟಲೆ ನಂಬಿದೆ. ಮಾತು ಮತ್ತೆ ಶುರುವಾಗಿತ್ತು, ಸಂತೆಗೆ ಒಟ್ಟಿಗೆ ಹೋಗುತ್ತಿದ್ದೆವು, ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಒಳಗೆ ಅದು ಹಾಗೆಯೇ ಕೂತಿತ್ತು.

ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ತಿಳಿದಾಗ ಕಾಲ ಮೀರಿಹೋಗಿತ್ತು. ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ನಾನು ಶಾಲೆಗೆ ರಜೆ ಹಾಕಿದೆ. ಚರ್ಚಿನವರು ಬಂದು ಎದ್ದು ನಡೆಯಲಿ ಎಂದು ಪ್ರಾರ್ಥಿಸುತ್ತಿದ್ದರು, ಅತ್ತೆ ಎಂದಿನಂತೆ ಯೋಚಿಸುತ್ತಾ ಮಲಗಿರುತ್ತಿದ್ದರು. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ. ಏನನ್ನಿಸಿತೋ, ಹತ್ತೊಂಬತ್ತು ವರ್ಷ ನುಂಗಿಕೊಂಡಿದ್ದ ಮಾತು ಬಾಯಿಂದ ಬಂದೇಬಿಟ್ಟಿತು.

‘ಅತ್ತೆ, ಬಾವಿಕಟ್ಟೆ ತಾವ ಅವ್ರೆಲ್ಲ ಅಂಗ್ ಅಂದಾಗ ನೀವ್ ಯಾಕ್ ಒಂದ್ ಮಾತ್ನೂ ಆಡ್ಲಿಲ್ಲ?’

ಅತ್ತೆ ಹೇಳಿದರು. ‘ಆ ದಿನ ನನ್ಗೆ ಆಮೆನ್ ಬರ್ಲಿಲ್ಲ, ಅದ್ಕೆ ಅನ್ಲಿಲ್ಲ. ಆಮ್ಯಾಕೆ ಕೂಸಾಗ್ಲಿಲ್ಲ. ಜನ ಸುಮ್ಕಿರ್ತಾರಾ? ನಾನ್ ಸಿಗ್ದಿದ್ರೆ ನಿನ್ ನಂಬ್ಕೆ ಸಾಲ್ದು ಅಂತಿದ್ರು. ನೀನ್ ಅದ್ನ ಕೇಳಿ ಬದುಕ್ತಿದ್ಯಾ? ನನ್ ಮೇಲ್ ಆಕುದ್ರು. ಆಕ್ಲಿ ಬುಡು, ಮುದುಕಿಗೇನು ಅಂತ ಸುಮ್ಕಾದೆ.’

ನಾನು ಗಂಜಿ ಲೋಟ ಹಿಡಿದುಕೊಂಡು ಕೂತೇ ಇದ್ದೆ. ಅಯ್ಯೋ, ಒಂದು ಮಾತು ನನಗೆ ಹೇಳಬಾರದಿತ್ತೇ! ಇಷ್ಟು ವರ್ಷ! ಅವರನ್ನು ಹಿಡಿದು ಅಲ್ಲಾಡಿಸಬೇಕೆನ್ನಿಸಿತು, ಕಾಲು ಹಿಡಿದು ಅಳಬೇಕೆಂದೂ ಅನ್ನಿಸಿತು. ಯಾವುದನ್ನೂ ಮಾಡಲಿಲ್ಲ.

‘ನೀನೊಂದ್ ಜೆಬ ಮಾಡಮ್ಮಿ’ ಎಂದರು ಅತ್ತೆ.

ಕಣ್ಣು ಮುಚ್ಚಿ ‘ಪರಲೋಕ ಪಿತಾವೇ’ ಎಂದು ಶುರು ಮಾಡಿದೆ. ನಾವು ಕನ್ನಡದ ಮನೆಯವರಾದರೂ ಪ್ರಾರ್ಥನೆ ಮಾತ್ರ ತಮಿಳಿನಲ್ಲೇ. ಚರ್ಚಿನಲ್ಲಿ ಕಲಿತದ್ದು ಹಾಗೆ. ನನ್ನ ಪ್ರಾರ್ಥನೆಯ ತಮಿಳು ಬಹಳ ಸೊಗಸು ಎಂದು ಹೆಸರೂ ಇತ್ತು. ಅತ್ತೆ ಬೆರಳೆತ್ತಿ ತಡೆದರು. ‘ನಮ್ ಮಾತ್ನಾಗೆ ಮಾಡು. ಇತ್ಲಾಗ್ ತಂದ್ಕೊಳೋ ತ್ರಾಣ ಇಲ್ಲ ನನ್ಗೆ.’

ಕನ್ನಡದಲ್ಲಿ ನಾನು ಉಪ್ಪು ಕೇಳಿದ್ದೇನೆ, ಜಗಳವಾಡಿದ್ದೇನೆ, ಗಂಡನನ್ನು ಬೈದಿದ್ದೇನೆ. ದೇವರೊಂದಿಗೆ ಮಾತಾಡಿರಲಿಲ್ಲ. ಎಷ್ಟು ತಡಕಾಡಿದರೂ ಒಂದು ಸೊಗಸಾದ ವಾಕ್ಯ ಸಿಗಲಿಲ್ಲ. ಕೊನೆಗೆ ಬಂದದ್ದು ಇದು:

‘ಯಜಮಾನ್ರೇ, ನಂಗ್ ನಿಮ್ ಮೇಲೆ ಕ್ವಾಪ ಐತೆ. ಕೂಸು ಕೊಡಿ ಅಂತ ಎಷ್ಟ್ ಕೇಳ್ದೆ, ಕೊಡ್ಲಿಲ್ಲ. ಯಾಕ್ ಅಂತ್ಲೂ ಯೋಳ್ಲಿಲ್ಲ. ಈಗ ಇವ್ರ್ನ ಕರ್ಕೊಂಡ್ ಓಗಕ್ ಬಂದಿದೀರಾ. ಬುಟ್ಟೋಗಿ ಅಂತ ಕೇಳ್ತೀನಿ. ಕೇಳೋದ್ ನನ್ ಕೆಲ್ಸ, ಮಾಡೋದ್ ಬುಡೋದ್ ನಿಮ್ದು. ಯಜಮಾನ್ರು ನೀವೇ, ಅದೂ ಗೊತ್ತೈತೆ. ಗೊತ್ತಿದ್ರೂ ಕ್ವಾಪ ಓಗ್ತಿಲ್ಲ.’

‘ಆಮೆನ್’ ಎಂದರು ಅತ್ತೆ.

ನಾನಿನ್ನೂ ಬಾಯಿ ಮುಚ್ಚಿರಲಿಲ್ಲ. ನನ್ನ ಆಮೆನ್ನಿಗಿಂತ ಮೊದಲು ಅವರದು ಬಂದಿತ್ತು. ನಾಲ್ಕನೇ ದಿನ ಅತ್ತೆ ಹೋದರು.

ಇಷ್ಟನ್ನು ನಿಮಗೆ ಹೇಳುವಷ್ಟರಲ್ಲಿ ಬೆಳಗಿನ ಕಾಫಿಯೂ ಆಯಿತು, ಅಡುಗೆಯೂ ಆಯಿತು. ಹನ್ನೊಂದರ ಹೊತ್ತಿಗೆ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಸುಮತಿ ಇಳಿದು ಬಂದಳು. ಮೊರಪ್ಪೂರು ಕಡೆಯ ಹುಡುಗಿ, ನಮ್ಮ ಮಾತಿನವಳೇ. ಚರ್ಚಿನವಳಲ್ಲ, ಅವಳ ದೇವರಮನೆಯಲ್ಲಿ ಅವಳ ದೇವರುಗಳಿವೆ. ಎರಡು ಸಲ ಗರ್ಭ ನಿಂತು ಇಳಿದುಹೋಗಿದೆ, ಇದು ಮೂರನೆಯದು. ಸೋಫಾದ ತುದಿಯಲ್ಲಿ ಕೂತು, ‘ಆಂಟಿ, ನಿಮ್ ಸಾಮೀತ್ರ ಯೋಳಿ. ಈ ಸಲ ನಿಲ್ಬೇಕು’ ಎಂದಳು.

ಕೈ ಹಿಡಿದುಕೊಂಡು, ನಮ್ಮ ಮಾತಿನಲ್ಲೇ ಕೇಳಿದೆ. ಈ ಕೂಸನ್ನು ಉಳಿಸಿಕೊಡಿ ಯಜಮಾನ್ರೇ, ಇವಳಿಗೆ ಬಹಳ ಭಯವಾಗಿದೆ ಎಂದೆ. ಅದಕ್ಕಿಂತ ಹೆಚ್ಚು ನನ್ನಿಂದ ಬರಲಿಲ್ಲ. ಕಣ್ಣು ಬಿಟ್ಟರೆ ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಾಳೆ.

‘ಅಷ್ಟೇನಾ? ನಿಲ್ತೈತೆ ಅಂತ ಯೋಳಿ ಆಂಟಿ.’

ಎಷ್ಟು ಸುಲಭವಾಗಿತ್ತು, ನಿಲ್ಲುತ್ತೆ ಹೋಗು ಎಂದುಬಿಡುವುದು! ನಾಲಿಗೆಯ ತುದಿಯವರೆಗೆ ಬಂದಿತ್ತು.

‘ನಂಗೊತ್ತಿಲ್ಲ ಕಣಮ್ಮಿ. ದಿನಾ ಕೇಳ್ತೀನಿ. ನಿಂತ್ರೂ ಬಾ, ನಿಲ್ದೆ ಓದ್ರೂ ಈ ಬಾಗ್ಲಿಗೇ ಬಾ. ಯಾರಾದ್ರೂ ನಿನ್ನ ಏನಾದ್ರೂ ಅಂದ್ರೆ ನಂತಾವ ಕಳ್ಸು.’

ಸುಮತಿ ದಡಕ್ಕನೆ ಎದ್ದಳು. ಮುಖ ಕೆಂಪಾಗಿತ್ತು. ‘ಎನ್ನ ಆಂಟಿ ನೀಂಗ! ಒಂದ್ ಒಳ್ಳೆ ಮಾತ್ ಅನ್ನಕ್ಕಾಗಲ್ವಾ ನಿಮ್ಗೆ? ಸುಮ್ಕೆ ಬಂದೆ ನಾನು’ ಎಂದು ಬಾಗಿಲು ದಾಟಿದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಸಿಟ್ಟಿನಲ್ಲಿ ಏರಿ ಹೋಯಿತು. ಆ ಸಿಟ್ಟು ನನಗೆ ಅಕ್ಷರ ಅಕ್ಷರ ಗೊತ್ತು; ಅದನ್ನು ಹತ್ತೊಂಬತ್ತು ವರ್ಷ ಸಾಕಿದವಳು ನಾನು.

ಸದ್ದು ಮಧ್ಯದಲ್ಲೇ ನಿಂತಿತು. ಅವಳು ಕೆಳಗೆ ಇಳಿಯಲಿಲ್ಲ. ಅಲ್ಲಿಂದಲೇ, ಇನ್ನೂ ಸಿಡುಕುತ್ತಲೇ, ಕೂಗಿ ಕೇಳಿದಳು:

‘ನಾಳೆ ಎಷ್ಟೊತ್ತಿಗ್ ಬರ್ಲಿ?’